‘ಫಕ್ಕನೆ ಬಾರೋ’ ಎಂದ ಭಜನೆಗೆ ಕೆಂಪು ಚೀಟಿ

ಮಾನ್ಯರೇ,

ಹಾಡುಗಳನ್ನು ಲೋಕಕ್ಕೆಲ್ಲ ಕೇಳಿಸುವ ಆ್ಯಪಿನೊಳಗೆ ಕೂತು, ಯಾವ ಹಾಡು ಮಕ್ಕಳ ಕಿವಿಗೆ ಬೀಳಬಾರದೆಂದು ಹಗಲಿರುಳು ಆಲಿಸುತ್ತಿರುವ ಯಂತ್ರ ಮಹಾಶಯರಾದ ತಮ್ಮ ಪಾದಗಳಿಗೆ ಸೀತಾಂಗೋಳಿಯ ಮಹಿಳಾ ಭಜನಾ ಮಂಡಳಿಯ ಕಾರ್ಯದರ್ಶಿ ಪ್ರಫುಲ್ಲಾಳ ಸಾಷ್ಟಾಂಗ ವಂದನೆಗಳು. ಪಾದಗಳು ಇಲ್ಲದಿದ್ದಲ್ಲಿ ವಂದನೆಯನ್ನು ಅನುಕೂಲವಾದ ಬೇರೆ ಭಾಗದಲ್ಲಿ ಸ್ವೀಕರಿಸಬೇಕಾಗಿ ವಿನಂತಿ.

ನಮ್ಮ ಮಂಡಳಿಯ ಹಿರಿಯರಾದ ಸುಬ್ಬಲಕ್ಷ್ಮಿ ಅಕ್ಕ ತಾವೇ ಕಟ್ಟಿದ ಹಾಡುಗಳನ್ನು ನಾವೆಲ್ಲ ಸೇರಿ ಹಾಡಿ ಆಲ್ಬಮ್ ಮಾಡಿದೆವು. ನನ್ನ ತಂಗಿಯ ಮಗಳು ಮೋಕ್ಷಿತಾ ಅದನ್ನು ತಮ್ಮ ಆ್ಯಪಿಗೆ ಏರಿಸಿದಳು. ಮರುದಿನ ನೋಡುವಾಗ ‘ಫಕ್ಕನೆ ಬಾರೋ ಪುಟ್ಟ ಕೃಷ್ಣ, ಬೆಣ್ಣೆ ಕರಗುತ್ತ ಉಂಟು’ ಎಂಬ ಹಾಡಿನ ಪಕ್ಕದಲ್ಲಿ, ಇದರಲ್ಲಿ ಅಶ್ಲೀಲ ಪದಗಳಿವೆ ಎಂಬ ತಮ್ಮ ಕೆಂಪು ಚೀಟಿ ಅಂಟಿತ್ತು.

ಸುದ್ದಿ ತಿಳಿದ ಭಜನಾ ಮಂದಿರದ ಅಧ್ಯಕ್ಷ ಲೋಕಯ್ಯಣ್ಣ ಸಮಿತಿಯ ತುರ್ತು ಸಭೆ ಕರೆದರು. ಗಂಡಸರೆಲ್ಲ ಚಾಪೆಯ ಮೇಲೆ ಕೂತು, ಅಶ್ಲೀಲ ಎಲ್ಲಿದೆ ಎಂದು ಹುಡುಕುತ್ತ ಹಾಡನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಇಷ್ಟು ಏಕಾಗ್ರತೆಯ ಭಜನೆ ಆ ಮಂದಿರದಲ್ಲಿ ಹಿಂದೆಂದೂ ನಡೆದದ್ದಿಲ್ಲ. ಕೊನೆಗೆ ಲೋಕಯ್ಯಣ್ಣ, “ನನಗೆ ಆ ಬೆಣ್ಣೆಯ ಮೇಲೆಯೇ ಸಂಶಯ” ಎಂದು, ವಾರ್ಷಿಕ ಭಜನೆಯಲ್ಲಿ ಮಹಿಳಾ ಮಂಡಳಿ ಹಾಡುವುದು ಬೇಡವೆಂದು ತೀರ್ಮಾನಿಸಿದರು. ಹುಟ್ಟಿದಂದಿನಿಂದ ದೇವರ ಹೆಸರು ಬಿಟ್ಟು ಬೇರೇನನ್ನೂ ಹಾಡದ ಸುಬ್ಬಲಕ್ಷ್ಮಿ ಅಕ್ಕ ತಾಳವನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದವರು ಶನಿವಾರದ ಭಜನೆಗೆ ಬರುವುದನ್ನೇ ನಿಲ್ಲಿಸಿದರು. ಮಾನ್ಯರೇ, ಇಲ್ಲಿ ಮಾತ್ರ ನನಗೆ ತಮ್ಮ ಮೇಲೆ ಸಿಟ್ಟು ಬಂದದ್ದು ಹೌದು.

ಮೋಕ್ಷಿತಾ ತಮಗೆ ಮನವಿ ಕಳಿಸಿದಳು. ಅದನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ, ಚೀಟಿ ಸರಿಯಾಗಿಯೇ ಉಂಟು ಎಂಬ ತಮ್ಮ ಉತ್ತರ, ಅವಳು ಫೋನು ಕೆಳಗಿಡುವ ಮೊದಲೇ ಬಂತು. ನಮ್ಮ ಪಂಚಾಯತ್ ಕಚೇರಿಯವರು ತಮ್ಮಲ್ಲಿ ತರಬೇತಿ ಪಡೆಯಬೇಕು.

ಆಗ ಅವಳಿಗೇ ಹೊಳೆಯಿತು. ತಡಮಾಡದೆ ಬಾ ಎನ್ನಲು ನಾವು ‘ಫಕ್ಕನೆ’ ಎನ್ನುವುದು ತಮ್ಮ ಇಂಗ್ಲಿಷ್ ಕಿವಿಗೆ ಬೇರೆಯೇ ಕೇಳಿಸಿದೆ. ಆ ಬೇರೆ ಶಬ್ದವನ್ನು ಸಮಿತಿಯ ಮುಂದಿನ ಸಭೆಯಲ್ಲಿ ಬಾಯಿಬಿಟ್ಟು ಹೇಳಲಾಗದೆ, ಅವಳು ಅದನ್ನು ಅರ್ಥಸಹಿತ ಚೂರು ಕಾಗದದಲ್ಲಿ ಬರೆದು ಲೋಕಯ್ಯಣ್ಣನ ಕೈಗಿತ್ತಳು. ಅವರು ಓದಿ, ಮಡಚಿ, ಕಿಸೆಗೆ ಹಾಕಿ, ಲೋಟದ ನೀರು ಪೂರ್ತಿ ಕುಡಿದರು. “ಈ ವಿಷಯವನ್ನು ನಾವು ಫಕ್...” ಎಂದು ಆರಂಭಿಸಿ, ನಿಂತು, “ಶೀಘ್ರವಾಗಿ ಮುಗಿಸುವ” ಎಂದು ನಿಷೇಧ ಹಿಂತೆಗೆದುಕೊಂಡರು. ಅಂದಿನಿಂದ ಅವರು ಊರಿನಲ್ಲಿ ಶುದ್ಧ ಗ್ರಾಂಥಿಕ ಕನ್ನಡವನ್ನೇ ಮಾತಾಡುತ್ತಿದ್ದಾರೆ.

ಸುಬ್ಬಲಕ್ಷ್ಮಿ ಅಕ್ಕನಿಗೆ ವಿಷಯ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಕಿವಿಯಲ್ಲಿ ಹೇಳಿದೆ. ಅವರು ಕಂಬ ಹಿಡಿದುಕೊಂಡು ನಕ್ಕು ನಕ್ಕು ಕಣ್ಣೊರೆಸಿ, “ಇಷ್ಟೆಯಾ ಮಾರಾಯ್ತಿ? ನಾನು ಎಂತದೋ ದೊಡ್ಡ ಶಬ್ದ ಅಂತ ಹೆದರಿದ್ದೆ” ಎಂದು ತಾಳ ಹುಡುಕಲು ಒಳಗೆ ಹೋದರು.

ವಾರ್ಷಿಕ ಭಜನೆಯ ದಿನ ಅದೇ ಹಾಡನ್ನು ಅವರೇ ಎತ್ತಿಕೊಂಡರು. ಭಜನೆಯೆಂದರೆ ಹಿಂಬಾಗಿಲಿನಿಂದ ಜಾರುತ್ತಿದ್ದ ಯುವಕರೆಲ್ಲ ಮುಂದಿನ ಸಾಲಿನಲ್ಲಿ ಕೂತು, ಆ ಒಂದು ಶಬ್ದ ಬಂದಾಗಲೆಲ್ಲ ಮಂದಿರದ ಹಂಚು ಹಾರುವ ಹಾಗೆ ದನಿಗೂಡಿಸಿದರು. ಲೋಕಯ್ಯಣ್ಣ ತಲೆ ತಗ್ಗಿಸಿ ತಾಳ ಮಾತ್ರ ಹಾಕಿದರು. ತಮ್ಮ ಚೀಟಿಯ ಪ್ರಭಾವದಿಂದ ಮೊಗ್ರಾಲಿನಿಂದ ದುಬೈವರೆಗೆ ಜನ ಏನೋ ಆಸೆಯಿಂದ ಹಾಡು ತೆರೆದು, ಕೊನೆಯ ಮಂಗಳದವರೆಗೂ ಕಾದು, ಪುಣ್ಯ ಕಟ್ಟಿಕೊಳ್ಳುತ್ತಿದ್ದಾರಂತೆ.

ಆದುದರಿಂದ ಚೀಟಿಯನ್ನು ತೆಗೆಯದೆ, ಯಾರೂ ಕೇಳದೆ ಬಿದ್ದಿರುವ ನಮ್ಮ ಉಳಿದ ಭಜನೆಗಳಿಗೂ ಒಂದೊಂದು ಅಂಟಿಸಿಕೊಡಬೇಕಾಗಿಯೂ, ಬಿಡುವಿದ್ದರೆ ಒಂದು ಶನಿವಾರ ಖುದ್ದಾಗಿ ಬಂದು ನಮ್ಮೊಂದಿಗೆ ಅವಲಕ್ಕಿ ಪ್ರಸಾದ ಸ್ವೀಕರಿಸಬೇಕಾಗಿಯೂ ಕೋರುತ್ತೇನೆ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿ,
ಪ್ರಫುಲ್ಲಾ

ತಾ.ಕ.: ಲೋಕಯ್ಯಣ್ಣನ ತಾಯಿ ತಮ್ಮ ಗೆಳತಿಯರೊಂದಿಗೆ ಹಾಡಿದ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗಿನ ಹಳೆಯ ತುಳು ಹಾಡುಗಳನ್ನೂ ಮೋಕ್ಷಿತಾ ಏರಿಸಿದ್ದಾಳೆ. ಅವುಗಳ ಅರ್ಥ ಬಲ್ಲ ಹೆಂಗಸರು ಇಲ್ಲಿ ಬಾಗಿಲು ಹಾಕಿಕೊಂಡೇ ಕೇಳುತ್ತಾರೆ. ತಾವು ಅವನ್ನು ಕೂಲಂಕಷವಾಗಿ ಪರಿಶೀಲಿಸಿ ‘ಮಕ್ಕಳ ನಿದ್ದೆಗೆ’ ಎಂಬ ವಿಭಾಗದಲ್ಲಿ ಇಟ್ಟಿದ್ದೀರಿ. ದಯವಿಟ್ಟು ಅಲ್ಲಿಯೇ ಇರಲಿ.