ಫೋಟೋ ಸಾಫ್ಟ್‌ವೇರೂ ದೊಡ್ಡಪ್ಪನ ಸಿಟ್ಟೂ

ನಮ್ಮ ಮನೆಗೆ ಯಾವ ಹೊಸ ಯಂತ್ರ ಬಂದರೂ ಅದು ಮೊದಲು ನಮ್ಮ ಮರ್ಯಾದೆ ತೆಗೆದು, ಆಮೇಲೆ ತನ್ನ ಕೆಲಸ ಶುರುಮಾಡುತ್ತದೆ. ಕೊಪ್ಪದ ನಮ್ಮ ಮನೆಗೆ ಕಂಪ್ಯೂಟರ್ ಬಂದಾಗಲೂ ಹಾಗೇ ಆಯಿತು.

ನಾದಿನಿಗೆ ಮದುವೆ ಗೊತ್ತಾಗಿತ್ತು. ಮನೆಯ ಫೋಟೋಗಳನ್ನೆಲ್ಲ ಸರಿಮಾಡಿ ಮಗಳಿಗೊಂದು ಆಲ್ಬಮ್ ಕೊಡಬೇಕೆಂದು ಅತ್ತೆಗೆ ಆಸೆ. ಅದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಅನ್ನುವುದು ನಮ್ಮ ತಲೆನೋವು. ಅತ್ತೆಯ ತಲೆನೋವು ಬೇರೆ. ಭಂಡಿಗಡಿಯ ದೊಡ್ಡಪ್ಪ, ಅಂದರೆ ಮಾವನ ಅಣ್ಣ, ನಮ್ಮ ಗೃಹಪ್ರವೇಶಕ್ಕೆ ನಾವು ಅವರ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯಲಿಲ್ಲವೆಂದು ಮುನಿಸಿಕೊಂಡಿದ್ದರು. "ಬರೀ ಫೋನಲ್ಲಿ ಕರೆದ್ರೆ ಹೋಗೋಕೆ ನಾನೇನು ಹೊಟ್ಟೆಗಿಲ್ಲದವನಾ? ಹೋಗಿಲ್ಲ, ಮದುವೆಗೆ ಹೋಗೋದೂ ಇಲ್ಲ" ಎಂದು ಊರಿಗೆಲ್ಲ ಸಾರಿದ್ದರು. "ಬಾವ ಬರದೆ ಮದುವೆ ಚಪ್ಪರದ ಕಂಬ ನೆಡಲ್ಲ" ಎಂದು ಅತ್ತೆಯ ಹಟ. ನಾದಿನಿ ಮೂಲೆಯಲ್ಲಿ ಕೂತು ಅಳುತ್ತಿದ್ದಳು.

ಸೇಟಮ್ಮ

ಮೊದಲ ಸಾಫ್ಟ್‌ವೇರ್ ನಮ್ಮ ಯಜಮಾನರ ಆಯ್ಕೆ. ತೆರೆದರೆ ಪರದೆ ತುಂಬ ಬಟನ್ನು. "ಇದರಲ್ಲಿ ಆಗದ್ದೇ ಇಲ್ಲ" ಅಂದರು. ಅತ್ತೆ ಮಾವ ಜೊತೆಗೆ ನಿಂತ ಫೋಟೋದಲ್ಲಿ ಅಮ್ಮ ಅಪ್ಪನ ಆಚೆ ಬದಿಗಿದ್ದರೆ ಚೆಂದ ಅನ್ನಿಸಿ, ಒಂದು ಬಟನ್ ಒತ್ತಿ ಇಡೀ ಫೋಟೋವನ್ನೇ ಎಡ ಬಲ ತಿರುಗಿಸಿದರು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೂ ಏರಿಸಿದರು.

ಅತ್ತೆ ಬಂದು ನೋಡಿದವರೇ ಬಲಹೆಗಲು ಮುಟ್ಟಿಕೊಂಡರು. "ನನ್ನ ಸೆರಗು ಈಚೆಗೆ ಹೆಂಗೆ ಬಂತೋ? ಒಂದೇ ಏಟಿಗೆ ನನ್ನ ಮಾರ್ವಾಡಿ ಸೇಟಮ್ಮ ಮಾಡಿಬಿಟ್ಟೆಯಲ್ಲೋ!"

ಕಲೆ ತೆಗೆಯುವುದು

ಎರಡನೆಯದನ್ನು ಹಾಕಿಕೊಟ್ಟವನು ಎನ್.ಆರ್. ಪುರದ ಕಂಪ್ಯೂಟರ್ ರಿಪೇರಿಯವನು. "ಮುಖದ ಕಲೆ ಎಲ್ಲ ತಾನೇ ಹುಡುಕಿ ತೆಗೀತದೆ ಮೇಡಂ, ನೀವು ಸುಮ್ನೆ ಕೂತ್ಕೊಳ್ಳಿ." ಅತ್ತೆಯ ಫೋಟೋ ಹಾಕಿ ಒತ್ತಿದ. ಕೆನ್ನೆಯ ಕಪ್ಪು ಕಲೆ ಹೋಯಿತು. ಮೂಗುತಿ ಹೋಯಿತು. ಹಣೆಯ ಕುಂಕುಮವೂ ಹೋಯಿತು.

ಹಿಂದಿನಿಂದ ಮಾವನ ಗಾಬರಿಯ ದನಿ ಕೇಳಿಸಿತು: "ಹೋಯ್, ನಾನಿನ್ನೂ ಇಲ್ಲೇ ನಿಂತಿದ್ದೀನಲ್ಲ ಮಾರಾಯ!"

ಹಲಸಿನಕಾಯಿ

ಮೂರನೆಯದು ನನ್ನ ಆಯ್ಕೆ. ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತಿತ್ತು. ಬಟನ್ನು ಕಮ್ಮಿ. ಆದರೆ ಇರುವ ಫೋಟೋಗಳಿಂದೆಲ್ಲ ಮುಖಗಳನ್ನು ಆರಿಸಿ "ಇದು ಯಾರು?" ಎಂದು ಕೇಳುತ್ತಿತ್ತು. ಒಮ್ಮೆ ಹೆಸರು ಹೇಳಿದರೆ ಅದೇ ಮುಖ ಬೇರೆ ಎಲ್ಲಿದ್ದರೂ ಹುಡುಕಿ ತರುತ್ತಿತ್ತು. ನನಗಂತೂ ಬಹಳ ಹಿಡಿಸಿತು.

ಅದು ಮರದಲ್ಲಿದ್ದ ಹಲಸಿನಕಾಯಿಯನ್ನೂ ತೋರಿಸಿ ಹೆಸರು ಕೇಳಿದಾಗ ಯಜಮಾನರು ಬಿದ್ದು ಬಿದ್ದು ನಕ್ಕರು. "ಬಿಟ್ಟಿ ಸಿಕ್ಕಿದ್ದು ಇನ್ನೆಂತ ಆಗ್ತದೆ ಮಾರಾಯ್ತಿ!" ನನಗೆ ರೇಗಿತು. ಅಲ್ಲಿ ಅವರ ಹೆಸರನ್ನೇ ಬರೆದೆ. ಅಂದಿನಿಂದ ಅದು ಅವರ ಫೋಟೋಗಳನ್ನೆಲ್ಲ ಹಲಸಿನಕಾಯಿಯ ಪಕ್ಕಕ್ಕೇ ಜೋಡಿಸತೊಡಗಿತು.

ತುಪ್ಪ

ಹೀಗೇ ಹೆಸರು ಬರೆಯುತ್ತ ನನ್ನ ಮದುವೆಯ ಫೋಟೋದಲ್ಲಿದ್ದ ದೊಡ್ಡಪ್ಪನ ಮುಖಕ್ಕೆ ಬಂದೆ. "ದೊಡ್ಡಪ್ಪ" ಎಂದು ಬರೆದದ್ದೇ ತಡ, ಅದು ಇನ್ನೊಂದು ಫೋಟೋ ತಂದು ಎದುರಿಗಿಟ್ಟಿತು. ನಮ್ಮ ಗೃಹಪ್ರವೇಶದ ಊಟ. ಮೊದಲ ಪಂಕ್ತಿಯ ಕೊನೆಯಲ್ಲಿ, ಕಂಬದ ಮರೆಯಲ್ಲಿ, ಬಾಯಿಗೆ ಹೋಳಿಗೆ ಇಟ್ಟುಕೊಂಡು ಕೂತವರು ಸಾಕ್ಷಾತ್ ದೊಡ್ಡಪ್ಪ!

ಮನೆಯೆಲ್ಲ ಕೇಳುವಂತೆ ಕೂಗಿದೆ. ಅತ್ತೆ ಒಲೆ ಮೇಲಿನ ಹಾಲು ಬಿಟ್ಟು ಓಡಿಬಂದರು. ಹಾಲು ಉಕ್ಕಿತು, ಯಾರೂ ಬೈಯಲಿಲ್ಲ.

ಮಾರನೆಯ ದಿನ ಫೋಟೋದ ಪ್ರಿಂಟ್ ಹಿಡಿದು ಭಂಡಿಗಡಿಗೆ ಹೋದೆವು. ಈ ಸಲ ಕುಂಕುಮ ಕೊಟ್ಟೇ ಕರೆದೆವು. ದೊಡ್ಡಪ್ಪ ಮುಖ ತಿರುಗಿಸಿದರು. "ಅವತ್ತು ಬರೀ ಫೋನ್ ಮಾಡಿದ್ರಿ. ನಾನು ಬರಲೇ ಇಲ್ಲ."

ನಾನು ಫೋಟೋ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ತೋರಿಸಿದರು. "ನೋಡು ಮಾರಾಯ್ತಿ, ನೀನೇ ನೋಡು. ಹೋಳಿಗೆಗೆ ಒಂದು ಹನಿ ತುಪ್ಪ ಉಂಟಾ? ಅಣ್ಣ ಅಂತ ಬಂದವನಿಗೆ ಒಣ ಹೋಳಿಗೆ! ಬಂದಿದ್ದೆ ಅಂತ ಯಾವ ಬಾಯಲ್ಲಿ ಹೇಳಲಿ?"

ಚಪ್ಪರದ ಮೊದಲ ಕಂಬ ಹಿಡಿದವರು ಅವರೇ. ಮದುವೆ ದಿನ ತುಪ್ಪದ ಗಿಂಡಿ ಹಿಡಿದು ಅವರ ಎಲೆಗೆ ನಾನೇ ಬಡಿಸಿದೆ, ಹೋಳಿಗೆ ಮುಳುಗುವಷ್ಟು. ಗೆದ್ದ ಖುಷಿಗೆ ನನ್ನ ಕೈ ನಿಲ್ಲಲೇ ಇಲ್ಲ. ಯಜಮಾನರು ಕ್ಯಾಮೆರಾ ಎತ್ತಿದರು. ದೊಡ್ಡಪ್ಪ ಪಕ್ಕಕ್ಕೆ ಸರಿದು ಎಲೆ ತೋರಿಸಿದರು.

"ನನ್ನ ಮುಖ ಬಿಡು ಮಾರಾಯ, ಅದನ್ನ ನಿನ್ನ ಹೆಂಡತಿ ಹೆಂಗಾದ್ರೂ ಹುಡುಕ್ತಾಳೆ. ತುಪ್ಪ ಕಾಣೋ ಹಂಗೆ ತೆಗಿ!"