ಹಾಲಿನಂಥ ಹನ್ನೆರಡು ಕುರ್ಚಿ

ಈ ಬ್ಯಾಡಗಿಯಲ್ಲಿ ಹದಿನಾಲ್ಕು ವರ್ಷದಿಂದ ಕಬ್ಬಿಣ ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ ಬದುಕಿದವನು ನಾನು. ನನ್ನ ಗ್ರಿಲ್ಲು, ನನ್ನ ಗೇಟು ಮೋಟೆಬೆನ್ನೂರಿನ ತನಕ ಹೆಸರುವಾಸಿ! ಅಂಥ ನನಗೆ ಹನ್ನೆರಡು ಕುರ್ಚಿಗೆ ಬಣ್ಣ ಹಚ್ಚುವುದು ಯಾವ ಲೆಕ್ಕ? ನಮ್ಮ ಪೇಂಟರ್ ಜಮೀರ್ ತಂಗಿಯ ಮದುವೆಗೆಂದು ಐರಣಿಗೆ ಹೋದ ದಿನವೇ ಘೋಷಿಸಿಬಿಟ್ಟೆ: ಇನ್ನು ಬಣ್ಣದ ಖಾತೆಯೂ ನನ್ನದೇ.

ಕುರ್ಚಿ ಬೇಕಾಗಿದ್ದು ಮೆಣಸಿನಕಾಯಿ ದಲಾಲಿ ಕರಬಸಪ್ಪನವರಿಗೆ. ಭಾನುವಾರ ಅವರ ಹೊಸ ಅಂಗಡಿಯ ಪೂಜೆ. ವರ್ಕ್‌ಶಾಪಿಗೆ ಬಂದು ಒಂದೇ ಮಾತು ಹೇಳಿ ಹೋಗಿದ್ದರು.

“ಕೊಟ್ರೇಶ, ಮುಂಜಾನಿಂದ ಸಂಜಿತನಕ ಕೆಂಪು ನೋಡಿ ನೋಡಿ ಕಣ್ಣು ಸೋತಾವು. ಕುರ್ಚಿ ಹಾಲಿನಂಗ ಬೆಳ್ಳಗಿರಬೇಕು, ನೋಡು.”

ಅವರಿಗೆ ಹಿಡಿಸಿದರೆ ಆ ಸಾಲಿನ ದಲಾಲಿಗಳೆಲ್ಲ ನನ್ನ ಬಾಗಿಲಿಗೆ ಬರುತ್ತಾರೆ. ಹಿಡಿಸದಿದ್ದರೆ ಎಲ್ಲರೂ ರಾಣೆಬೆನ್ನೂರಿನ ವರ್ಕ್‌ಶಾಪುಗಳ ದಾರಿ ಹಿಡಿಯುತ್ತಾರೆ.

ಜಮೀರ್ ಫೋನಿನಲ್ಲಿ ಗೋಗರೆದ. ಮೊದಲು ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, ಆಮೇಲೆ ಲಗೂ ಒಣಗುವ ಬಣ್ಣವನ್ನೇ ಹೊಡೆಯಬೇಕಂತೆ. ಅದೂ ಶಟರ್ ಇಳಿಸಿ, ಒಳಗೇ. ಲಗೂ ಒಣಗುವುದರಲ್ಲಿ ಏನು ಗತ್ತು? ಹಪ್ಪಳವೂ ಲಗೂ ಒಣಗುತ್ತದೆ! ಹಾವೇರಿಗೆ ಹೋಗಿ, ಅಂಗಡಿಯವನು ಬೇಡ ಬೇಡವೆಂದರೂ, ಎಲ್ಲಕ್ಕಿಂತ ನಿಧಾನ ಒಣಗುವ ಬಣ್ಣವನ್ನೇ ಹೊತ್ತು ತಂದೆ. ಸಾಲದ್ದಕ್ಕೆ ಹೊಳಪು ಹೆಚ್ಚಲೆಂದು ಅಡುಗೆಮನೆಯಿಂದ ಒಂದು ಬಟ್ಟಲು ಕುಸುಬಿ ಎಣ್ಣೆ ತಂದು ಡಬ್ಬಿಗೆ ಸುರಿದೆ.

ಹೆಂಡತಿ ಶ್ರೀದೇವಿ ಖಾಲಿ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು.

“ಬಣ್ಣಕ್ಕ ಒಗ್ಗರಣಿನೂ ಹಾಕ್ತೀರೇನು?”

“ಹೊಳಪು ಬರಬೇಕಂದ್ರ ಸಾವಕಾಶ ಒಣಗಬೇಕು. ನಿನಗ ತಿಳಿಯಂಗಿಲ್ಲ.”

“ತಿಳಿಯೂದು ಬಿಡ್ರಿ. ಇವತ್ತ ಗುರುವಾರ, ಮಾರ್ಕೆಟಿನ್ಯಾಗ ಮೆಣಸಿನಕಾಯಿ ಹರಾಜಿನ ಟೆಂಡರ್ ಐತಿ. ಗಾಳಿನೂ ಬಿಟ್ಟೈತಿ. ಕುರ್ಚಿ ಹೊರಗ ಇಡಬ್ಯಾಡ್ರಿ ಅಷ್ಟ.”

ಹೆಂಡತಿ ಬೇಡವೆಂದ ಮೇಲೆ ಹೊರಗಿಡದೆ ಇರಲು ನಾನೇನು ಹೇಡಿಯೇ? ಒಂದರ ಮೇಲೊಂದು ಮೂರು ಕೈ ಬಳಿದು ಹನ್ನೆರಡನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದೆ. ಹನ್ನೆರಡು ಹಂಸಗಳು! ನೋಡಿ ನೋಡಿ ಹಿಗ್ಗಿ, ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚೇ ತಿಂದು ಮಲಗಿದೆ.

ಟೆಂಡರಿನ ದಿನ ನಮ್ಮೂರ ಗಾಳಿಯಲ್ಲಿ ಗಾಳಿ ಕಡಿಮೆ, ಮೆಣಸಿನಕಾಯಿ ಹೆಚ್ಚು. ಎದ್ದು ಸೀನುತ್ತಾ ಹೊರಬಂದರೆ ಹಂಸಗಳು ಮಾಯ. ಪುಡಿ, ಬೀಜ, ಸಿಪ್ಪೆ, ತೊಟ್ಟು ಎಲ್ಲ ಹಸಿ ಬಣ್ಣಕ್ಕೆ ಮೆತ್ತಿ ಕುರ್ಚಿಗಳು ಕೆಂಪಗೆ ನಿಂತಿದ್ದವು. ಒರೆಸಿದರೆ ಕೆಂಪು ಇನ್ನಷ್ಟು ಹರಡಿತು. ಗಾಬರಿಯಲ್ಲಿ ಅದೇ ಕೈಯಿಂದ ಕಣ್ಣುಜ್ಜಿಕೊಂಡೆ. ಅಯ್ಯಯ್ಯೋ, ಹುಟ್ಟಿಸಿದ ದೇವರು ಕಂಡ!

ದೇವರ ಹಿಂದೆಯೇ ಕರಬಸಪ್ಪನವರೂ ಕಂಡರು. ಟೆಂಡರ್ ಮುಗಿಸಿ ಕುರ್ಚಿ ನೋಡಲು ಬಂದಿದ್ದರು. ಅವರು ಬೈಯಲಿಲ್ಲ, ಬೈದಿದ್ದರೆ ಬದುಕುತ್ತಿದ್ದೆ. ಚೀಲದ ಮಾಲು ಪರೀಕ್ಷಿಸುವ ಹಾಗೆ ಕುರ್ಚಿಯ ಬೆನ್ನಿನಿಂದ ಒಂದು ಚೂರು ಕಿತ್ತು, ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದರು.

“ಮಾಲು ಛಲೋ ಐತಿ. ಸೋಮವಾರ ಟೆಂಡರಿಗೆ ತಂದು ಇಡು ಕೊಟ್ರೇಶ, ನಾನೂ ರೇಟು ಬರೀತೀನಿ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಶ್ರೀದೇವಿಯೇ ಮುಂದೆ ಬಂದು, ಭಾನುವಾರ ಮುಂಜಾನೆ ಬಿಳಿ ಕುರ್ಚಿಗಳು ಅಂಗಡಿಯಲ್ಲಿರುತ್ತವೆ ಎಂದು ಮಾತು ಕೊಟ್ಟಳು. ಆಗಲಿ ಎಂದ ಕರಬಸಪ್ಪನವರು, ಒಂದನ್ನು ಮಾತ್ರ ಮುಟ್ಟದೆ ಇದ್ದ ಹಾಗೇ ತರಬೇಕೆಂದರು. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ. ಶ್ರೀದೇವಿಯ ಒಂದು ಫೋನಿಗೆ ಜಮೀರ್ ಮದುವೆಮನೆಯಿಂದ ಓಡಿಬಂದ. ಎರಡು ದಿನ ನಾನು ಉಜ್ಜಿದೆ, ಸೀನಿದೆ, ಮತ್ತೆ ಉಜ್ಜಿದೆ. ಬಣ್ಣದ ಡಬ್ಬಿಯ ಹತ್ತಿರ ಇಬ್ಬರೂ ನನ್ನನ್ನು ಬಿಟ್ಟುಕೊಳ್ಳಲಿಲ್ಲ.

ಭಾನುವಾರ ಹೊಸ ಧೋತರ ಉಟ್ಟು ಶ್ರೀದೇವಿಯ ಜೊತೆ ಪೂಜೆಗೆ ಹೋದೆ. ಹನ್ನೊಂದು ಕುರ್ಚಿ ಹಾಲಿನಂತೆ ಹೊಳೆಯುತ್ತಿದ್ದವು. ಹನ್ನೆರಡನೆಯದು ಕೆಂಪಗೆ ನಟ್ಟನಡುವೆ ಇತ್ತು.

“ಅದು ನಿನಗಂತನ ಇಡಿಸೇನಿ. ಕುಂದ್ರು,” ಎಂದರು ಕರಬಸಪ್ಪನವರು.

ಇಡೀ ದಲಾಲಿ ಬಳಗದ ಎದುರು ಕುಳಿತೆ. ಅವರೆಲ್ಲ ಒಬ್ಬೊಬ್ಬರಾಗಿ ಶ್ರೀದೇವಿಯ ಹತ್ತಿರ ಹೋಗಿ ತಮಗೂ ಇಂಥವೇ ಬಿಳಿ ಕುರ್ಚಿ ಬೇಕೆಂದು ಹೇಳಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೊನೆಗೆ ಅವಳೇ ಪ್ರಸಾದ ಹಿಡಿದು ಬಂದು ಮೆಲ್ಲಗೆ ಕೇಳಿದಳು.

“ನಿಮ್ಮ ಬಣ್ಣ ಒಣಗೈತೇನ್ರಿ?”

ತಕ್ಕ ಉತ್ತರ ಕೊಡಬೇಕೆಂದು ಗತ್ತಿನಿಂದ ಎದ್ದೆ. ಕುರ್ಚಿಯೂ ಎದ್ದಿತು.