ಬೆರಳಿಗೆ ಕೂರದ ಪಿಕ್ಕು

ಮನುಷ್ಯರಿಗೆ ತಮ್ಮ ಬೆರಳುಗಳ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲದಿರುವುದೇ ಆರೋಗ್ಯದ ಲಕ್ಷಣ ಎಂದು ನನಗೆ ಈಗ ಅನ್ನಿಸುತ್ತದೆ. ನಲವತ್ತು ದಾಟಿ ಎಷ್ಟೋ ವರ್ಷವಾಗುವ ತನಕ ನಾನೂ ಹಾಗೇ ಇದ್ದೆ. ಬೆರಳುಗಳಿದ್ದವು, ಅವು ಚಪಾತಿ ಲಟ್ಟಿಸುತ್ತಿದ್ದವು, ಸೊಪ್ಪು ಬಿಡಿಸುತ್ತಿದ್ದವು, ನಾನು ಗುಮಾಸ್ತೆಯಾಗಿರುವ ಸಹಕಾರ ಸಂಘದ ಕಚೇರಿಯಲ್ಲಿ ಕಂಪ್ಯೂಟರು ಕುಟ್ಟುತ್ತಿದ್ದವು. ಅವು ಗುಂಡಗಿವೆಯೋ ಚಪ್ಪಟೆಯೋ ಎಂದು ಯಾವತ್ತೂ ವಿಚಾರಿಸಿರಲಿಲ್ಲ. ಮದುವೆಯಲ್ಲಿ ಹಾಕಿದ ಉಂಗುರ ಈಗ ಸೋಪು ಹಚ್ಚಿದರೂ ಹೊರಗೆ ಬರುವುದಿಲ್ಲ ಎನ್ನುವುದೊಂದು ಗೊತ್ತಿತ್ತು. ಅದನ್ನು ನಮ್ಮ ಮನೆಯವರು ದಾಂಪತ್ಯದ ಗಟ್ಟಿತನಕ್ಕೆ ಸಾಕ್ಷಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದರಿಂದ ನಾನೂ ಸುಮ್ಮನಿದ್ದೆ. ಸ್ಟೀಲ್ ಗಿಟಾರು ಕಲಿಯಲು ಹೋಗಿ, ಬಲಗೈಯ ಮೂರು ಬೆರಳಿಗೆ ಹೊಂದುವ, ತಂತಿ ಮೀಟುವ ಮೂರು ಪಿಕ್ಕು ಹುಡುಕತೊಡಗಿದ ಮೇಲೆ ಈ ನೆಮ್ಮದಿ ಹಾಳಾಯಿತು.

ಗಿಟಾರು ನನ್ನದಲ್ಲ, ನಮ್ಮ ಮಾವನವರದು. ಅವರು ಹರೆಯದಲ್ಲಿ ರೇಡಿಯೋದಲ್ಲಿ ಬರುತ್ತಿದ್ದ ಸ್ಟೀಲ್ ಗಿಟಾರಿನ ನಾದಕ್ಕೆ ಮರುಳಾಗಿ ಅದನ್ನು ಕೊಂಡು, ಕೆಲವು ವರ್ಷ ಶ್ರದ್ಧೆಯಿಂದ ಕಲಿತು, ಆಮೇಲೆ ಊರೂರಿಗೆ ವರ್ಗವಾಗುವ ನೌಕರಿ ಸಿಕ್ಕಿ ಬಿಟ್ಟವರು. ಈಗ ಕೈ ನಡುಗುತ್ತದೆ. ಈ ವಾದ್ಯವನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಕಡ್ಡಿಯನ್ನು ತಂತಿಗಳ ಮೇಲೆ ಜಾರಿಸುತ್ತಾ ಬಲಗೈಯಲ್ಲಿ ಮೀಟಬೇಕು. "ನಾನೀಗ ಕಡ್ಡಿ ಹಿಡುದ್ರೆ ಬೇಡ ಅಂದ್ರೂ ಎಲ್ಲಾ ಸ್ವರಕ್ಕೂ ಗಮಕ ಬಂದ್ಬುಡ್ತದೆ" ಎಂದು ಅವರೇ ನಗುತ್ತಾರೆ. ಕುಂಬಾರಕೊಪ್ಪಲಿನ ನಮ್ಮ ಮನೆಗೆ ಸುಣ್ಣ ಬಳಿಸುವಾಗ ಹಳೆಯ ಸೀರೆಯಲ್ಲಿ ಸುತ್ತಿದ್ದ ಗಿಟಾರು ಅಟ್ಟದಿಂದ ಕೆಳಗಿಳಿಯಿತು. ಮಾವನವರು ಅದರ ಮೈಯ ಧೂಳನ್ನು ತಮ್ಮ ಟವೆಲಿನಿಂದಲೇ ಒರೆಸಿ, ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡು, ಆಮೇಲೆ ನನ್ನ ಕಡೆಗೆ ಚಾಚಿದರು. "ನೀನಾದ್ರೂ ಕಲ್ತ್ಕೊ ಕಣಮ್ಮ ರತ್ನ. ಒಂದ್ ಹಾಡು ನುಡ್ಸು, ನಾನ್ ಕೇಳ್ಬೇಕು" ಅಂದರು. ಅವರು ನನ್ನಲ್ಲಿ ಏನನ್ನಾದರೂ ಕೇಳುವುದು ಅಪರೂಪ. ಹಾಗಾಗಿ ನಜರ್‌ಬಾದಿನಲ್ಲಿರುವ ಮೇಷ್ಟ್ರೊಬ್ಬರ ಮನೆಗೆ ನಾನು ಭಾನುವಾರದ ಬೆಳಗ್ಗೆಗಳಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗತೊಡಗಿದೆ.

ಒಂದು ವರ್ಷ ಬರಿಬೆರಳಲ್ಲೇ ಕಲಿತೆ. ಮೋಹನ ರಾಗದ ಒಂದು ಸಣ್ಣ ಕೃತಿ ಕೈಗೆ ಹತ್ತಿತು. ಸಂಜೆ ಹೊತ್ತು ನಾನು ಅಭ್ಯಾಸಕ್ಕೆ ಕೂತರೆ ಮಾವನವರು ಕಿಟಕಿಯ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಬರುಬರುತ್ತಾ ಆ ಕುರ್ಚಿ ಕಿಟಕಿಯನ್ನು ಬಿಟ್ಟು ನನ್ನ ಕಡೆಗೆ ಸರಿಯುತ್ತಾ ಬಂತು. ಕೊನೆಗೆ ಅವರ ಮಂಡಿ ನನ್ನ ಗಿಟಾರಿಗೆ ತಾಗುವಷ್ಟು ಹತ್ತಿರವಾಯಿತು. ಇದು ನನ್ನ ಸಂಗೀತದ ಆಕರ್ಷಣೆ ಎಂದು ನಾನು ತಿಳಿದುಕೊಂಡಿದ್ದೆ. ಒಂದು ಸಂಜೆ ಕೃತಿಯ ನಡುವೆ ಮುಂದಿನ ಸಾಲು ಮರೆತುಹೋಗಿ, ತಂತಿ ಮುಟ್ಟದೆ ಗಾಳಿಯಲ್ಲೇ ಬೆರಳಾಡಿಸುತ್ತಾ ನೆನಪು ಮಾಡಿಕೊಳ್ಳುತ್ತಿದ್ದೆ. ಮಾವನವರು ನನ್ನ ಬೆರಳುಗಳನ್ನೇ ನೋಡುತ್ತಾ ತಲೆದೂಗಿ, "ಈ ಸಾಲು ಬಾಳ ಚೆನ್ನಾಗಿ ಬಂತು ಕಣಮ್ಮ" ಅಂದರು.

ಅವರಿಗೆ ಕಿವಿ ಮಂದವಾಗಿರುವುದು ನಮಗೆ ಗೊತ್ತಿತ್ತು, ಇಷ್ಟು ಮಂದವಾಗಿದೆ ಎಂದು ಗೊತ್ತಿರಲಿಲ್ಲ. ಕಿವಿಗೆ ಹಾಕುವ ಯಂತ್ರವನ್ನೂ ಕೊಡಿಸಿದ್ದೆವು. ಅದರಲ್ಲಿ ಕುಕ್ಕರಿನ ಸೀಟಿ, ಆಟೋದ ಹಾರನ್ನು ಮತ್ತು ಮಗಳ ಬುದ್ಧಿಮಾತು ಈ ಮೂರೇ ಜೋರಾಗಿ ಕೇಳುತ್ತವೆಂದು ಅವರು ಅದನ್ನು ತೆಗೆದು ಡಬ್ಬಿಗೆ ಹಾಕಿಟ್ಟಿದ್ದರು. ಒಂದು ಹಾಡು ಕೇಳಬೇಕೆಂದು ಆಸೆಪಟ್ಟವರಿಗೆ ವರ್ಷವಿಡೀ ಬೆರಳಾಟ ತೋರಿಸಿದ್ದೆ. ಗಿಟಾರಿಗೆ ಆಂಪ್ಲಿಫೈಯರ್ ತಗುಲಿಸೋಣ ಎಂದು ನಮ್ಮ ಮನೆಯವರು ಸೂಚಿಸಿದರು. ಆದರೆ ಹಾಗೆ ಮಾಡಿದರೆ ಮಾವನವರ ಜೊತೆಗೆ ಇಡೀ ಬೀದಿಗೂ ಕೇಳುತ್ತದೆ. ಬೀದಿಯವರು ನನಗೆ ಯಾವ ಅಪಕಾರವನ್ನೂ ಮಾಡಿರಲಿಲ್ಲ.

ಮೇಷ್ಟ್ರನ್ನು ಕೇಳಿದೆ. "ಬರಿಬೆರಳಲ್ಲಿ ನಾದ ಅಷ್ಟೇ ಕಣ್ರೀ ಬರೋದು. ಉಗುರು ಬೆಳಸಿ, ಇಲ್ದಿದ್ರೆ ಪಿಕ್ಕು ಹಾಕಿ. ಆಗ ಪಕ್ಕದ್ ರೂಮಿಗೂ ಕೇಳ್ತದೆ" ಅಂದರು. ಉಗುರು ಬೆಳೆಸುವುದನ್ನು ಮೊದಲು ಪ್ರಯತ್ನಿಸಿದೆ. ತೆಂಗಿನಕಾಯಿ ತುರಿಯುವ ಮಣೆಗೆ ಅದು ಒಪ್ಪಿಗೆಯಾಗಲಿಲ್ಲ. ಹೀಗಾಗಿ ಪೇಟೆಯ ವಾದ್ಯದ ಅಂಗಡಿಗೆ ಹೋಗಿ ಹೆಬ್ಬೆರಳಿಗೆ ಪ್ಲಾಸ್ಟಿಕ್ಕಿನದೊಂದು, ಪಕ್ಕದ ಎರಡು ಬೆರಳಿಗೆ ತಗಡಿನವೆರಡು ತಂದೆ. ಯಾವ ಸೈಜು ಎಂದು ವಿಚಾರಿಸಿದ್ದಕ್ಕೆ ಅಂಗಡಿಯವರು, "ಒಂದೇ ಸೈಜು ಮೇಡಂ, ಎಲ್ರಿಗೂ ಆಗ್ತದೆ" ಅಂದರು. ಎಲ್ಲರಿಗೂ ಆಗುವಂಥದ್ದು ಯಾರಿಗೂ ಸರಿಯಾಗಿ ಆಗುವುದಿಲ್ಲ ಎಂದು ನಾನು ರೆಡಿಮೇಡ್ ರವಿಕೆ ಕೊಂಡಾಗಲೇ ಕಲಿಯಬೇಕಿತ್ತು.

ಮೊದಲು ಅವನ್ನು ಉಗುರಿನ ಮೇಲೆ ಉಗುರು ಬರುವಂತೆ ಹಾಕಿಕೊಂಡೆ. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು ನನ್ನನ್ನು ನೋಡಿ, "ಯಾವ ನಾಟಕದಲ್ಲಿ, ಯಾವ ರಾಕ್ಷಸಿ ಪಾರ್ಟು" ಅಂದರು. ಮರುವಾರ ಮೇಷ್ಟ್ರು ನೋಡಿ, ನಾಲಿಗೆಯಂಥ ಭಾಗ ಉಗುರಿನ ಕಡೆಗಲ್ಲ, ಬೆರಳಿನ ಒಳಮೈ ಕಡೆಗೆ ಬರಬೇಕು ಎಂದು ತಿರುಗಿಸಿ ಹಾಕಿಕೊಟ್ಟರು. ತಿರುಗಿಸಿದ ಮೇಲೆ ನೋವೂ ಒಳಗಡೆಗೆ ತಿರುಗಿತು. ತಗಡಿನ ಅಂಚು ಬೆರಳನ್ನು ಎರಡೂ ಕಡೆಯಿಂದ ಕಚ್ಚುತ್ತಿತ್ತು. ಒಂದು ಹಾಡು ಮುಗಿಯುವಷ್ಟರಲ್ಲಿ ಬೆರಳ ತುದಿ ನೇರಳೆಹಣ್ಣಿನ ಬಣ್ಣಕ್ಕೆ ಬರುತ್ತಿತ್ತು. ಸಡಿಲಿಸಿದರೆ ತಂತಿಗೆ ಸಿಕ್ಕಿ ತಿರುಗಿಕೊಳ್ಳುತ್ತಿತ್ತು. ಇನ್ನೂ ಸಡಿಲಿಸಿದರೆ ಹಾರಿಹೋಗುತ್ತಿತ್ತು. ಬೆರಳಿಗೆ ಪ್ಲಾಸ್ಟರು ಸುತ್ತಿ ಅದರ ಮೇಲೆ ಹಾಕಿದೆ, ಬೆವರಿ ಜಾರಿತು. ಸೈಕಲ್ ಟ್ಯೂಬಿನ ಚೂರು ಒಳಗಿಟ್ಟೆ, ಗಿಟಾರಿನಿಂದ ಪಂಕ್ಚರ್ ಅಂಗಡಿಯ ವಾಸನೆ ಬಂತು. ಟೈಲರುಗಳು ಸೂಜಿ ಚುಚ್ಚದಂತೆ ಹಾಕುವ ಅಂಗುಸ್ತಾನವನ್ನೂ ಹಾಕಿ ನೋಡಿದೆ. ಅದು ಹಿತವಾಗಿಯೇ ಇತ್ತು, ಆದರೆ ಬೆರಳಿಗೆ ಟೋಪಿ ಹಾಕಿದಂತಾಗಿ ಯಾವ ತಂತಿ ಯಾವುದೆಂದು ತಿಳಿಯುತ್ತಿರಲಿಲ್ಲ.

ಇಷ್ಟಾದ ಮೇಲೆ ನಮ್ಮ ಮನೆಯವರು ರಂಗಕ್ಕಿಳಿದರು. ಅವರು ಕಡಕೊಳದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಮೇಲ್ವಿಚಾರಕರು. ಅಳತೆಯಿಲ್ಲದೆ ಮಾಡಿದ್ದು ಕೆಲಸವೇ ಅಲ್ಲ ಎನ್ನುವವರು. ವರ್ನಿಯರ್ ಕ್ಯಾಲಿಪರ್ ತಂದು ನನ್ನ ಬೆರಳುಗಳನ್ನು ಅಳೆದರು. ಬೆಳಗ್ಗೆಯ ಅಳತೆಗೂ ಸಂಜೆಯ ಅಳತೆಗೂ ತಾಳೆಯಾಗಲಿಲ್ಲ. ಒಲೆ ಮುಂದೆ ನಿಂತು ಬಂದರೆ ಬೆರಳು ಊದಿರುತ್ತಿತ್ತು, ಪಾತ್ರೆ ತೊಳೆದು ಬಂದರೆ ಕುಗ್ಗಿರುತ್ತಿತ್ತು. "ಏನೇ ಇದು, ಒಂದ್ ಕಡೆ ನಿಲ್ಲಲ್ವಲ್ಲ ನಿನ್ ಬೆರಳು" ಎಂದು ಬೇಸರಪಟ್ಟುಕೊಂಡರು. "ಪಾತ್ರೆ ನೀವ್ ತೊಳೀರಿ, ನಿಲ್ತದೆ" ಅಂದೆ. ಅವರು ಕ್ಯಾಲಿಪರನ್ನು ಡಬ್ಬಿಗೆ ಹಾಕಿ, ಕಟಿಂಗ್ ಪ್ಲೇಯರಿನಲ್ಲಿ ಪಿಕ್ಕುಗಳನ್ನು ಬಾಗಿಸಿ, ತಮ್ಮ ಲೆಕ್ಕದ ಪ್ರಕಾರ ಅಚ್ಚುಕಟ್ಟಾದ ವೃತ್ತ ಮಾಡಿಕೊಟ್ಟರು. ಅಷ್ಟು ಚೆಂದದ ವೃತ್ತಗಳು ನನ್ನ ಬೆರಳಿನಲ್ಲಿ ಅಷ್ಟೇ ಚೆಂದವಾಗಿ ಗಿರಗಿರ ಸುತ್ತಿದವು.

ಅವರು ಸರಿಮಾಡಿದ ಪಿಕ್ಕು ಹಾಕಿಕೊಂಡು ಒಂದು ಭಾನುವಾರ ಮಧ್ಯಾಹ್ನ ಅಭ್ಯಾಸ ಮಾಡುತ್ತಿದ್ದೆ. ಮಾವನವರ ಮಗಳು, ಅಂದರೆ ನನ್ನ ಅತ್ತಿಗೆ, ನಂಜನಗೂಡಿನಿಂದ ಬಂದಿದ್ದರು. ಎದುರಿಗೆ ಕೂತು ಕಾಫಿ ಕುಡಿಯುತ್ತಾ, ಈ ವಯಸ್ಸಿನಲ್ಲಿ ಹೊಸ ವಿದ್ಯೆ ಕಲಿಯುವುದರಿಂದ ನರಗಳಿಗೆ ಏನೇನಾಗುತ್ತದೆ ಎಂದು ಹೇಳುತ್ತಿದ್ದರು. ಮೇಲಿನ ಷಡ್ಜವನ್ನು ಸ್ವಲ್ಪ ಒತ್ತಿ ಮೀಟಿದೆ. ತೋರುಬೆರಳು ಹಗುರವಾಯಿತು. ಪಿಕ್ಕು ಎಲ್ಲಿ ಹೋಯಿತೆಂದು ನೆಲದ ಮೇಲೆ, ಸೋಫಾದ ಕೆಳಗೆ ಹುಡುಕಿದೆ. ಅತ್ತಿಗೆ ಕೊನೆಯ ಗುಟುಕು ಕುಡಿದು ಲೋಟದೊಳಗೆ ನೋಡಿ, ಬಹಳ ಸಮಾಧಾನದಿಂದ, "ರತ್ನ, ನಿಮ್ ಕಾಫಿ ಪುಡಿ ಯಾವ ಅಂಗಡೀದು? ಇದ್ರಲ್ಲಿ ಉಗುರು ಅದೆ" ಅಂದರು.

ನಾನು ಪಿಕ್ಕನ್ನು ತೊಳೆದು, ನಾಚಿಕೆಯಿಂದ ಕೈಗೆ ಸಿಕ್ಕ ಕುರ್ಚಿಯ ಮೇಲೆ ಒಣಗಲು ಹಾಕಿ, ಇನ್ನೊಂದು ಲೋಟ ಕಾಫಿ ಮಾಡಲು ಒಳಗೆ ಹೋದೆ. ಆ ಕುರ್ಚಿ ಮಾವನವರದೆಂದು ನೆನಪಾಗಲಿಲ್ಲ. ಅವರು ಮಧ್ಯಾಹ್ನದ ನಿದ್ದೆ ಮುಗಿಸಿ ಬಂದು ಅದರ ಮೇಲೆ ಕೂತು, ಮಗಳ ಜೊತೆ ಮಾತಾಡಿ, ಬೋಂಡ ತಿಂದು, ಮಗಳನ್ನು ಬೀಳ್ಕೊಡಲೆಂದು ಎದ್ದಾಗ ಪಿಕ್ಕು ಅವರ ಪಂಚೆಗೆ ಅಂಟಿಕೊಂಡು ಬಂತು. "ಏನೋ ಕಚ್ತಾ ಇತ್ತು ಕಣಮ್ಮ. ಇರುವೆ ಅಂದ್ಕೊಂಡು ಸುಮ್ಕಿದ್ದೆ" ಅಂದರು.

ಪಿಕ್ಕು ಒಂದು ಕಡೆಗೆ ವಾಲಿ, ನಡುವೆ ಅಪ್ಪಚ್ಚಿಯಾಗಿ, ಸೊಟ್ಟ ಮೂತಿ ಮಾಡಿಕೊಂಡಿತ್ತು. ಇನ್ನು ಎಸೆಯುವುದೇ ಎಂದುಕೊಂಡು, ಎಸೆಯುವ ಮುನ್ನ ಸುಮ್ಮನೆ ತೋರುಬೆರಳಿಗೆ ಹಾಕಿದೆ. ಅದು ಕೂತಿತು. ಎಲ್ಲಿಯೂ ಕಚ್ಚಲಿಲ್ಲ, ಜಾರಲಿಲ್ಲ. ಕೈ ಕೊಡವಿದೆ, ಬೀಳಲಿಲ್ಲ. ಗಿಟಾರು ತೆಗೆದುಕೊಂಡು ಮೀಟಿದೆ. ಗಂಟೆಯಂಥ ನಾದ ಬಂತು. ನಮ್ಮ ಮನೆಯವರು ಕನ್ನಡಕ ಏರಿಸಿ ನನ್ನ ಬೆರಳನ್ನು ಅತ್ತ ಇತ್ತ ತಿರುಗಿಸಿ ನೋಡಿ, "ನಿನ್ ಬೆರಳೇ ಸೊಟ್ಟ ಕಣೇ. ನಾನು ದುಂಡಗಿದೆ ಅಂತ ಲೆಕ್ಕ ಹಾಕ್ದೆ" ಅಂದರು. ಇಷ್ಟು ವರ್ಷ ಹಿಡಿದ ಕೈಯ ಆಕಾರ ಅವರಿಗೂ ಆಗಲೇ ಗೊತ್ತಾದದ್ದು.

ಉಳಿದ ಎರಡನ್ನು ಅದೇ ರೀತಿ ಬಾಗಿಸಲು ಅವರು ಪ್ಲೇಯರಿನಲ್ಲಿ ಸಂಜೆಯವರೆಗೆ ಹೆಣಗಿದರು. ಅವರ ಕೈಗೆ ಸೊಟ್ಟ ಮಾಡುವುದು ಬರುವುದಿಲ್ಲ. ಎಷ್ಟು ಅದುಮಿದರೂ ಎರಡೂ ಕಡೆ ಸಮಸಮವಾಗಿಯೇ ಬರುತ್ತಿತ್ತು. ಕೊನೆಗೆ ನಾವಿಬ್ಬರೂ ಮಾವನವರ ಮುಂದೆ ಹೋಗಿ ನಿಂತೆವು. ಯಾರು ಹೇಳಬೇಕೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನೇ ಅವರ ಕಿವಿಯ ಹತ್ತಿರ ಬಾಗಿ, "ಮಾವ, ಸ್ವಲ್ಪ ಇದರ ಮೇಲೂ ಕೂತ್ಕೊಳ್ತೀರಾ" ಅಂದೆ.

ಅವರು ಪಿಕ್ಕನ್ನು ನೋಡಿದರು, ನನ್ನನ್ನು ನೋಡಿದರು. "ನಾನೇನಮ್ಮ ಇಸ್ತ್ರಿ ಪೆಟ್ಟಿಗೆಯಾ" ಅಂದರು.

"ಇದು ಸರಿಯಾಗಿ ಕೂತ್ರೆ ಗಿಟಾರು ಜೋರಾಗಿ ಕೇಳಿಸ್ತದೆ ಮಾವ. ನಿಮಗೆ ಕೇಳ್ಲಿ ಅಂತಾನೇ ಇಷ್ಟೆಲ್ಲ ಮಾಡ್ತಿರೋದು" ಎಂದು ಇನ್ನಷ್ಟು ಜೋರಾಗಿ ಹೇಳಿದೆ.

ಅವರು ಪಿಕ್ಕನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ತಮಗೆ ಕೇಳಿಸುತ್ತಿಲ್ಲವೆಂದು ನನಗೆ ಗೊತ್ತಾಗಬಾರದೆಂದು ಅವರು ವರ್ಷವಿಡೀ ತಲೆದೂಗಿದ್ದರು, ಅವರಿಗೆ ಕೇಳಿಸುತ್ತಿಲ್ಲವೆಂದು ನನಗೆ ಗೊತ್ತಾದದ್ದು ಅವರಿಗೆ ಗೊತ್ತಾಗಬಾರದೆಂದು ನಾನು ತಿಂಗಳುಗಟ್ಟಲೆ ನುಡಿಸಿದ್ದೆ. ಆಮೇಲೆ ಅವರು ಪಂಚೆ ಸರಿಮಾಡಿಕೊಂಡು, "ಎಲ್ಲಿ, ಇಕ್ಕು. ಎಷ್ಟೊತ್ತು ಕೂರ್ಬೇಕು?" ಅಂದರು.

ತಗಡಿನದು ಮೊದಲ ಸಲ ಪೂರ್ತಿ ಚಪ್ಪಟೆಯಾಯಿತು. ಬಿಡಿಸಿ ಮತ್ತೆ ಇಟ್ಟೆವು. ಈ ಸಲ ಅವರು ಬೋಂಡ ತಿಂದಾಗ ಯಾವ ಕಡೆ ವಾಲಿದ್ದರೋ ಆ ಕಡೆಗೇ ನೆನಪಿನಿಂದ ವಾಲಿ ಕೂತರು. ಸರಿಹೋಯಿತು. ಹೆಬ್ಬೆರಳಿನ ಪ್ಲಾಸ್ಟಿಕ್ ಪಿಕ್ಕನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಬಟ್ಟೆಯಲ್ಲಿ ಸುತ್ತಿ ಇಡಬೇಕಾಯಿತು. "ಬೆಚ್ಚಗದೆ ಕಣಮ್ಮ, ಚಳಿಗಾಲ್ದಲ್ಲಿ ದಿನಾ ಇಕ್ಕು" ಎಂದು ಅವರು ಕಣ್ಣು ಮುಚ್ಚಿದರು. ನಮ್ಮ ಮನೆಯವರು ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ನನಗೆ ನಗು ತಡೆಯಲಾರದೆ ಅಡುಗೆಮನೆಗೆ ಓಡಿಹೋಗಬೇಕಾಯಿತು.

ಮುಂದಿನ ಭಾನುವಾರ ಮೇಷ್ಟ್ರು ನನ್ನ ಪಿಕ್ಕುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಅವರೂ ಬಹಳ ವರ್ಷದಿಂದ ಬೆರಳು ನೋಯಿಸಿಕೊಂಡವರು. "ಒಳ್ಳೇ ಕೆಲಸ. ಯಾರತ್ರ ಮಾಡ್ಸಿದ್ರಿ?" ಅಂದರು. ನಮ್ಮ ಮಾವನವರ ಹತ್ತಿರ ಅಂದೆ. "ಅವರಿಗೆ ಬಿಡುವಿದ್ರೆ ನಂಗೂ ಒಂದ್ ಸೆಟ್ ಮಾಡ್ಕೊಡ್ಲಿ. ಯಾವ ಸಾಮಾನು ಉಪಯೋಗಿಸ್ತಾರೆ?" ಎಂದು ಬಹಳ ಗೌರವದಿಂದ ವಿಚಾರಿಸಿದರು. ಗುರುಗಳ ಮುಂದೆ ಕೆಲವು ಮಾತು ಬಾಯಿಗೆ ಬರುವುದಿಲ್ಲ. "ಮನೇಲೇ ಇರೋದು ಮೇಷ್ಟ್ರೇ" ಎಂದಷ್ಟೇ ಹೇಳಿ ಬಂದೆ.

ಆ ಸಂಜೆ ಮಾವನವರ ಕುರ್ಚಿಯನ್ನು ನಾನೇ ಎತ್ತಿ ಕಿಟಕಿಯ ಪಕ್ಕ ಇಟ್ಟೆ. ಮೂರು ಪಿಕ್ಕೂ ಹಾಕಿಕೊಂಡು ಮೋಹನದ ಕೃತಿಯನ್ನು ಆರಂಭಿಸಿದೆ. ಮೊದಲ ಸ್ವರಕ್ಕೇ ಅವರ ತಲೆ ಮೇಲೆದ್ದಿತು. ನನ್ನ ಕೈಯ ಕಡೆ ಅವರು ನೋಡಲೇ ಇಲ್ಲ. ಕಿಟಕಿಯ ಹೊರಗೆ ನೋಡುತ್ತಾ, ಆಮೇಲೆ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರು. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರೂ ಅಲುಗಲಿಲ್ಲ. ನಾನು ಹಿಗ್ಗಿ, ಕೊನೆಯ ಸಾಲನ್ನು ಬೇಕೆಂದೇ ಮೂರು ಸಲ ನುಡಿಸಿ ನಿಲ್ಲಿಸಿದೆ.

ಮಾವನವರು ಕಣ್ಣು ತೆರೆದರು. ಅವರ ಕಣ್ಣಲ್ಲಿ ನೀರಿತ್ತು. "ಈಗ ಚೆನ್ನಾಗಿ ಕೇಳಿಸ್ತು ಕಣಮ್ಮ" ಅಂದರು. ಆಮೇಲೆ ನನ್ನನ್ನೇ ನೋಡುತ್ತಾ, "ಇಷ್ಟ್ ದಿನಾನೂ ಇಂಗೇ ನುಡಿಸ್ತಿದ್ಯಾ?" ಎಂದು ಕೇಳಿದರು.

ಅಂದಿನಿಂದ ನನಗೆ ಮನೆಯಲ್ಲೂ ಪಾಠ. ಗಾಂಧಾರ ಒಂದು ಕೂದಲೆಳೆ ಕೆಳಗಿದ್ದರೂ ಕಿಟಕಿಯ ಕಡೆಯಿಂದ ಕೆಮ್ಮು ಕೇಳಿಬರುತ್ತದೆ. ಎರಡು ವಾರವಾದರೂ ಪಲ್ಲವಿಯ ಮೊದಲ ಸಾಲನ್ನು ನಾನು ದಾಟಿಲ್ಲ. ಅದು ಸರಿಯಾಗುವವರೆಗೆ ಮಾವನವರು ನನ್ನನ್ನು ಏಳಲು ಬಿಡುವುದಿಲ್ಲವಾದ್ದರಿಂದ ಸಂಜೆಯ ಕಾಫಿ ಮಾಡುವುದನ್ನು ನಮ್ಮ ಮನೆಯವರು ಕಲಿತಿದ್ದಾರೆ. ನನ್ನ ಗಾಂಧಾರಕ್ಕಿಂತ ಅವರ ಕಾಫಿ ಬೇಗ ಸುಧಾರಿಸುತ್ತಿದೆ ಎನ್ನುವುದು ಮಾವನವರ ಅಭಿಪ್ರಾಯ. ಕಾಫಿ ಕುಡಿದು ನೋಡಿದೆ, ಸುಳ್ಳೆನ್ನಲು ನನಗೆ ಬಾಯಿ ಬರಲಿಲ್ಲ.